ಹಾಳೆಯ ಮೇಲಿನ ಒಂದು ಪದ

ಬೆಳಗಿನ ಐದೂವರೆ. ಬಸ್ ಡಿಪೋದ ದೂರು ಕೊಠಡಿಯಲ್ಲಿ ಟೈಪಿಸ್ಟ್ ಅಕ್ಕ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಾರೆ. ಭಾನುವಾರದ ಪೇಪರಿಗೆ ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಪಕ್ಕದ ಸ್ಟೂಲಿನಲ್ಲಿದ್ದೇನೆ. ಎದುರಿಗೆ ಕುಳಿತ ಹೆಂಗಸಿನ ಸಿಟ್ಟು ಇನ್ನೂ ಇಳಿದಿಲ್ಲ. ಅವರ ತಾಯಿ ಮೊದಲ ಬಸ್ಸಿನಿಂದ ಇಳಿಯುವಷ್ಟರಲ್ಲೇ ಡ್ರೈವರ್ ಗಾಡಿ ಬಿಟ್ಟಿದ್ದಾನೆ. ಮುದುಕಿಯ ಮೊಣಕಾಲು ತರಚಿದೆ.

"ಕೊಲೆಗಡುಕ ಅಂತ ಬರೀರಿ."

"ಕೊಲೆ ಆದಾಗ ಬರೀತೀನಮ್ಮ. ಈಗ ಹೇಳಿ, ಅವನು ಕನ್ನಡಿ ನೋಡಿದ್ನಾ?"

"ನೋಡಿದ್ರೆ ಯಾಕೆ ಬಿಡ್ತಿದ್ದ?"

"ಹಾಗಾದ್ರೆ ಕೇರ್‌ಲೆಸ್."

ಜನ ತಮ್ಮ ಮಾತಿನಲ್ಲಿ ಬೈಯುತ್ತಾರೆ, ಅಕ್ಕ ಅದನ್ನು ಇಂಗ್ಲಿಷಿಗೆ ಇಳಿಸುತ್ತಾರೆ. ದಿನಕ್ಕೆ ಮೂವತ್ತು ದೂರು, ಹತ್ತೊಂಬತ್ತು ವರ್ಷದಿಂದ. ಹೆಡ್ ಆಫೀಸಿನವರು ಡ್ರೈವರನ ಮುಖ ನೋಡುವುದಿಲ್ಲ, ಹಾಳೆ ನೋಡುತ್ತಾರೆ. ಹೆಂಗಸು ಎದ್ದು ಹೋದ ಮೇಲೆ ಅಕ್ಕ ನನಗೆ ಬಿಡಿಸಿ ಹೇಳುತ್ತಾರೆ.

"ಮರೆತು ಬಿಟ್ರೆ ಕೇರ್‌ಲೆಸ್, ಒಂದು ಎಚ್ಚರಿಕೆ ಪತ್ರ. ನೋಡೋದು ತನ್ನ ಕೆಲಸ ಆಗಿದ್ರೂ ದಿನಾ ನೋಡದೇ ಇದ್ರೆ ನೆಗ್ಲಿಜೆಂಟ್, ಸಸ್ಪೆಂಡ್. ಅಪಾಯ ಗೊತ್ತಿದ್ದೂ ಬಿಟ್ರೆ ರೆಕ್‌ಲೆಸ್. ಅವನು ಮನೆಗೆ."

ಎಂಟನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಮೂರೂ ಒಂದೇ ಬೈಗುಳದಂತೆ ಕೇಳಿಸುತ್ತವೆ. ಹಾಗೆಂದಾಗ ಅಕ್ಕ ಕೀಲಿಗಳಿಂದ ಕೈ ತೆಗೆಯುತ್ತಾರೆ.

"ನನಗೂ ಹಾಗೇ ಇತ್ತು. ಸೇರಿ ಮೂರನೇ ವರ್ಷ. ಒಂದೇ ಹಾಳೇಲಿ ಎರಡು ಸಲ ಕೇರ್‌ಲೆಸ್ ಬಂದಿತ್ತು. ಮೂರನೇ ಸಲವೂ ಅದೇ ಬಂದ್ರೆ ಚೆನ್ನಾಗಿರಲ್ಲ ಅಂತ ರೆಕ್‌ಲೆಸ್ ಹೊಡೆದೆ."

ವಾರ ಕಳೆಯುವಷ್ಟರಲ್ಲಿ ಆ ಡ್ರೈವರನ ಕೆಲಸ ಹೋಯಿತು.

"ಯಾರವರು?"

"ನಮ್ಮ ಭಾವ. ಹಾಳೇಲಿ ಬಸ್ ನಂಬರ್ ಮಾತ್ರ ಇರುತ್ತೆ, ಹೆಸರು ಆಮೇಲೆ ಗೊತ್ತಾಯ್ತು."

ಅಂದ ನೋಡಿ ಹಾಕಿದ ಒಂದು ಪದಕ್ಕೆ ಅವರ ಒಡಹುಟ್ಟಿದವಳ ಮನೆಯ ದುಡಿಮೆ ನಿಂತುಹೋಗಿದೆ. ಭಾವ ಈಗ ಗೋದಾಮಿನಲ್ಲಿ ಮೂಟೆ ಎತ್ತುತ್ತಾರೆ. ದೂರು ಕೊಟ್ಟ ಪ್ರಯಾಣಿಕನೇ ಹಾಗೆ ಹೇಳಿದ ಎಂದು ಅವನನ್ನು ಇಂದಿಗೂ ಶಪಿಸುತ್ತಾರೆ. ಹದಿನಾರು ವರ್ಷದಿಂದ ಟೈಪಿಸ್ಟ್ ಅಕ್ಕ ಅದನ್ನು ಕೇಳಿಸಿಕೊಂಡೇ ಭಾವನ ತಟ್ಟೆಗೆ ಊಟ ಬಡಿಸುತ್ತಾ ಬಂದಿದ್ದಾರೆ.

"ನೀವು ಮಾಡಿದ್ದು ಯಾವುದು? ಕೇರ್‌ಲೆಸ್ಸಾ?" ಕೇಳಿದ ಮೇಲೆ ನನಗೇ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಹೊರಗೆ ಎರಡು ಬಸ್ಸುಗಳು ಹೊರಡುತ್ತವೆ.

"ಆವತ್ತು ಆ ಪದ ಹೊಡೆದದ್ದು ಕೇರ್‌ಲೆಸ್. ಗೊತ್ತಾದ ಮೇಲೂ ಬಾಯಿ ಬಿಡದೆ ಕೂತದ್ದು ಕೇರ್‌ಲೆಸ್ ಅಲ್ಲ."

"ಇದನ್ನ ಬಿಟ್ಟು ಬರೀಲಾ ಅಕ್ಕ?"

"ಬೇಡ, ಪೂರ್ತಿ ಬರಿ," ಎನ್ನುತ್ತಾ ಹೊಸ ಹಾಳೆ ಏರಿಸುತ್ತಾರೆ. "ಭಾವ ಭಾನುವಾರದ ಪೇಪರ್ ಒಂದಕ್ಷರ ಬಿಡದೆ ಓದ್ತಾರೆ."