ಗೇಟಿನಜ್ಜನ ಸೀ ಆಫ್

ನಿನ್ನೆ ಗೇಟಿನ ಕೀಲಿಗೆ ಹರಳೆಣ್ಣೆ ಬಿಟ್ಟೆ. ಆ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ವಠಾರದ ಕೊನೆಯ ಮನೆಯ ಅಜ್ಜ ಕಣ್ಮುಂದೆ ಬಂದು ನಿಂತರು.

ಅವರು ಬಿಳಿ ದೊರೆಯೊಬ್ಬನ ಬಂಗಲೆಯಲ್ಲಿ ಇಪ್ಪತ್ತು ವರ್ಷ ಗೇಟು ಕಾದವರು. ಸ್ವಾತಂತ್ರ್ಯ ಬಂದ ಮರುವರ್ಷ ದೊರೆ ಗಂಟುಮೂಟೆ ಕಟ್ಟಿಕೊಂಡು ತನ್ನ ದೇಶಕ್ಕೆ ಹೊರಟಾಗ ಅಜ್ಜನ ಕೈಗೊಂದು ಶಿಫಾರಸು ಪತ್ರ ಕೊಟ್ಟಿದ್ದ. ಅಜ್ಜ ಅದನ್ನು ಓದಿಸಲು ನನ್ನ ಬಳಿ ತಂದರು. ನಾನಾಗ ಇಂಟರ್‌ಮೀಡಿಯೆಟ್ ಓದುವ ಹುಡುಗಿ. ಇಂಗ್ಲಿಷಿನಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ. ಬಂದವರನ್ನು 'ಸೀ ಆಫ್' ಮಾಡುವುದರಲ್ಲಿ ಇವನು ನಿಸ್ಸೀಮ ಎಂದು ಪತ್ರದಲ್ಲಿತ್ತು. ಸೀ ಆಫ್ ಎಂದರೆ ನನಗೆ ಗೊತ್ತಿದ್ದದ್ದು ರೈಲ್ವೆ ಸ್ಟೇಷನ್ನಿನಲ್ಲಿ ಕೈಬೀಸುವುದೊಂದೇ. ಆ ಸಾಲನ್ನು ಗಟ್ಟಿಯಾಗಿ ಓದಿ, ಬಂದವರನ್ನು ನೀವು ಮರ್ಯಾದೆಯಿಂದ ಬೀಳ್ಕೊಡುತ್ತೀರಿ ಅಂತ ಬರೆದಿದ್ದಾರೆ ಎಂದು ಠೀವಿಯಿಂದ ಹೇಳಿದೆ. ಅಜ್ಜ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಇನ್ನೊಂದು ಸಲ ಓದಿಸಿಕೊಂಡು, ಪತ್ರ ಮಡಿಚಿ ಜೇಬಿಗಿಟ್ಟುಕೊಂಡು ಹೋದರು.

ಅಂದಿನಿಂದ ಶುರುವಾಯಿತು. ವಠಾರಕ್ಕೆ ಯಾರೇ ಬರಲಿ, ಸೊಪ್ಪಿನವಳಿರಲಿ, ಭಿಕ್ಷೆಯವನಿರಲಿ, ಹೊರಡುವಾಗ ಅಜ್ಜ ಎದ್ದು ಬೀದಿಯ ತಿರುವಿನ ತನಕ ಜೊತೆಗೆ ನಡೆದು ಕಳಿಸಿ ಬರುತ್ತಿದ್ದರು. ಗೇಟು ಕಿರುಗುಟ್ಟಿ ಬಂದವರ ಮನಸ್ಸು ನೋಯಬಾರದೆಂದು ಕೀಲಿಗೆ ಹರಳೆಣ್ಣೆ ಬಿಡುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು...

'ಸೀ ಆಫ್' ಎಂಬ ಮಾತಿಗೆ ಗದರಿಸಿ ಓಡಿಸುವುದು ಎಂಬ ಅರ್ಥವೂ ಇದೆಯೆಂದು ಕಾಲೇಜಿನಲ್ಲಿ ತಿಳಿದಾಗ ನಾಚಿಕೆಯಿಂದ ಕುಗ್ಗಿಹೋದೆ. ಎರಡು ದಿನ ಒದ್ದಾಡಿ, ಕೊನೆಗೆ ಅಜ್ಜನ ಹತ್ತಿರ ತಪ್ಪೊಪ್ಪಿಕೊಂಡೆ.

"ಗೊತ್ತು ಕಣಮ್ಮ," ಅಂದರು. "ದೊರೆ ದಿನಾ ಅದನ್ನೇ ಕೂಗೋರು. ನಾನು ದೊಣ್ಣೆ ಎತ್ತೋನು."

ಒಮ್ಮೆ ಅವರ ಸ್ವಂತ ಅಕ್ಕ ತಮ್ಮೂರಾದ ಹಿನಕಲ್ಲಿನಿಂದ ಬರಿಗಾಲಲ್ಲಿ ನಡೆದು ತಮ್ಮನನ್ನು ನೋಡಲು ಬಂದಿದ್ದಳಂತೆ. ದೊರೆ ವೆರಾಂಡದಿಂದ ಕೂಗಿದ. ಇವಳು ನಮ್ಮಕ್ಕ ಎನ್ನಲು ನಾಲಿಗೆ ಏಳದೆ ಅಜ್ಜ ಅವಳ ಮೇಲೂ ದೊಣ್ಣೆ ಎತ್ತಿದರು. ಅವಳು ಮತ್ತೆ ಬರಲಿಲ್ಲ. ಇವರು ಊರಿಗೆ ಹೋಗುವಷ್ಟರಲ್ಲಿ ಅವಳೇ ಇರಲಿಲ್ಲ...

"ನೀನು ಓದಿದ್ದೇ ಚೆಂದಾಗಿತ್ತು. ಅಂಗೇ ಇದ್ಬುಡ್ಲಿ," ಅಂದರು ಅಜ್ಜ.

ನಾನು ಮದುವೆಯಾಗಿ ಹೊರಟ ದಿನ ನನ್ನ ಜಟಕಾದ ಪಕ್ಕದಲ್ಲೇ ತಿರುವಿನ ತನಕ ನಡೆದು ಬಂದರು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನದ ಮೇಲೆ, ಕಾಗದದಲ್ಲಿ. ಎಲ್ಲರನ್ನೂ ಕಳಿಸಿಕೊಟ್ಟ ಮನುಷ್ಯನ ಜೊತೆ ನಾಲ್ಕು ಹೆಜ್ಜೆ ನಡೆಯಲು ನಾನಿರಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ನಿನ್ನೆ ಎಣ್ಣೆ ಬಿಟ್ಟ ಮೇಲೆ ಗೇಟು ಸದ್ದಿಲ್ಲದೆ ತೆರೆದುಕೊಂಡಿತು. ಹಳೇ ಪೇಪರಿನವನು ಮೂಟೆ ಹೊತ್ತು ಹೊರಟಿದ್ದ. ಅವನ ಜೊತೆ ತಿರುವಿನ ತನಕ ನಡೆದೆ. ಅವನು ಗಾಬರಿಯಾಗಿ ನಿಂತು, ಪೇಪರಿನಲ್ಲಿ ಏನಾದರೂ ಮರೆತುಬಿಟ್ಟಿರಾ ಅಮ್ಮ ಎಂದು ಕೇಳಿದ.

ಏನೂ ಮರೆತಿಲ್ಲಪ್ಪ, ಅಂದೆ.