ದೇವಕ್ಕ ಗಂಡನಿಗೆ ದಾರಿ ಹೇಳುವುದನ್ನು ಬಿಟ್ಟಳು

ದೇವಕ್ಕನ ಬಾಯಿ ಕಟ್ಟಿದವನು ನಾನು. ಅವಳೊಬ್ಬಳದೇ ಅಲ್ಲ, ಆ ಕಾಲೊನಿಯ ಹೆಂಗಸರೆಲ್ಲರದ್ದು. ಆಮೇಲೆ ಅದನ್ನು ಮುಚ್ಚಿಡಲು ಸುಳ್ಳು ಹೇಳಿದವನೂ ನಾನೇ. ಇನ್ನು ವಿವರ — ವಿವರದಲ್ಲಿ ನಾನು ಇನ್ನೂ ಕೆಟ್ಟದಾಗಿ ಕಾಣುತ್ತೇನೆ. ಕಾಣಲಿ.

ಕಾರವಾರ, ಅಂಕೋಲೆಯಲ್ಲಿ ನನ್ನನ್ನು ಬಲ್ಲವರಿಗೆ ನನ್ನ ಸ್ವಂತ ಸ್ವರ ಯಾವುದೆಂದೇ ಗೊತ್ತಿಲ್ಲ. ಬಸ್ ಕಂಡಕ್ಟರ್, ಬ್ಯಾಂಕ್ ಮ್ಯಾನೇಜರ್, ಕೊಂಕಣಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವ ಮೀನಿನವಳು — ಯಾರ ಸ್ವರವನ್ನೂ ಅಣಕಿಸದೆ ಬಿಟ್ಟವನಲ್ಲ. ಹೆಣ್ಣು ನೋಡಲು ಹೋಗಿ ಬರೀ ಅವಲಕ್ಕಿ ತಿಂದು ವಾಪಸಾದ ನನ್ನನ್ನೇ ನಾನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ನಾಲಿಗೆಗೆ ಎರಡು ಮೂರು ಭಾಷೆ ಸಲೀಸು ಎಂಬ ಕಾರಣಕ್ಕೇ ವಂಜಿಕು ಮೇಡಂ ನನ್ನನ್ನು ದುಭಾಷಿಯಾಗಿ ಇಟ್ಟುಕೊಂಡದ್ದು.

ಮೇಡಂ ಕೆನ್ಯಾದ ವಿಶ್ವವಿದ್ಯಾಲಯವೊಂದರಲ್ಲಿ ಮನಶ್ಶಾಸ್ತ್ರ ಕಲಿಸುವವರು. ಅಲ್ಲಿಯ ವಿದ್ಯಾರ್ಥಿಗಳ, ಹಳ್ಳಿಯವರ ನೆಮ್ಮದಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಊರು ಬಿಟ್ಟು ಬೇರೆಡೆ ನೆಲೆಸಿದ ಅಲ್ಲಿಯ ಹೆಂಗಸರ ಜೊತೆ ಇಲ್ಲಿಯವರನ್ನೂ ಹೋಲಿಸಿ ನೋಡಬೇಕೆಂದು ಬಂದಿದ್ದರು. ಕಾರವಾರದ ಹತ್ತಿರ ನೌಕಾನೆಲೆ ಬಂದಾಗ ಅರ್ಗಾ ಊರಿನ ಕಡೆಯಿಂದ ಎದ್ದು ಬಂದ ಕೆಲವು ಮನೆಗಳು ಅಂಕೋಲೆಯ ಹತ್ತಿರದ ಒಂದು ಕಾಲೊನಿಯಲ್ಲಿವೆ. ಭಾನುವಾರ ಮಧ್ಯಾಹ್ನ ಅಲ್ಲಿಯ ಹೆಂಗಸರು ಚಾಪೆ ಹಾಸಿ ನಮ್ಮೊಡನೆ ಕೂರುತ್ತಿದ್ದರು. ಸುಖವಾಗಿದ್ದೀರಾ ಎಂದು ಮೇಡಂ ಕೇಳುತ್ತಿರಲಿಲ್ಲ. "ಸಂಜೆ ಹೊತ್ತು ಯಾರ ಹತ್ತಿರ ಮಾತಾಡುತ್ತೀರಿ?" ಎಂದು ಕೇಳುತ್ತಿದ್ದರು. ಚಾಪೆಯ ಮೇಲಿನ ಮಾತು ಚಾಪೆಯಿಂದಾಚೆ ಹೋಗದು ಎಂದು ಅವರು ಕೊಟ್ಟ ಭರವಸೆಯನ್ನು ಕನ್ನಡದಲ್ಲಿ ಹೇಳಿದವನು ನಾನೇ.

ಗದ್ದೆ ಕೂಲಿಗೆ ಹೋಗುವ ಮುದುಕಿ ದೇವಕ್ಕ "ನಮ್ಮನೇವ್ರ ಹತ್ರ" ಎಂದಳು.

ಗಂಡ ಸತ್ತದ್ದು ಅರ್ಗಾದ ಹಳೆಯ ಮನೆಯಲ್ಲಿ. ಊರು ಬಿಟ್ಟದ್ದು ಆಮೇಲೆ. ಹೊಸ ಮನೆ ಅವನಿಗೆ ಗೊತ್ತಿಲ್ಲ. ಹಾಗಾಗಿ ದಿನಾ ತುಳಸಿಗೆ ದೀಪ ಇಡುವಾಗ ಅವಳು ದಾರಿ ಹೇಳುತ್ತಾಳೆ — "ದೊಡ್ಡ ರಸ್ತೇಲೇ ಬನ್ನಿ. ಅಮದಳ್ಳಿ ದಾಟಿ, ಅವರ್ಸಾ ದಾಟಿ. ರಸ್ತೆ ಅಗಲ ಮಾಡೀರು, ಹಳೇ ಗುರ್ತು ಒಂದೂ ಸಿಗೂದಿಲ್ಲ. ಪೆಟ್ರೋಲ್ ಬಂಕಿನ ಎದ್ರು ಒಳಗೆ ತಿರ್ಗಿ. ನೀಲಿ ಬಾಗ್ಲು ನಮ್ದೇ."

ಅವಳ ಹಿಂದೆಯೇ ಉಳಿದವರೂ ಬಾಯಿ ಬಿಟ್ಟರು. ಒಬ್ಬಳು ಅತ್ತಳು. ಮೇಡಂ ಕಣ್ಣೊರೆಸಿಕೊಂಡರು. ನಾನು — ನಾನು ದೇವಕ್ಕನ ಸ್ವರ ಕಲಿಯುತ್ತಿದ್ದೆ.

ಅದೇ ವಾರ ಕಾಲೊನಿಯಲ್ಲಿ ಒಂದು ಮದುವೆ. ಊಟವಾದ ಮೇಲೆ ಮೈಕು ನನ್ನ ಕೈಗೆ ಬಂತು. "ಹೊಸಾದು ಬಿಡೋ ಮಾರಾಯ, ನಿಂದು ಹಳೇದೆಲ್ಲ ಹಳಸಿ ಹೋಯ್ತು!" ಎಂದು ಹುಡುಗರು ಕೂಗಿದರು. ಹೊಸದು ಇತ್ತಲ್ಲ. ಅಮದಳ್ಳಿ ದಾಟಿ, ಅವರ್ಸಾ ದಾಟಿ... ನಡುವೆ ಕಂಡಕ್ಟರನ ಸೀಟಿ ಹೊಡೆದೆ, ಸತ್ತವನ ಹತ್ತಿರ ಟಿಕೆಟ್ ಕೇಳಿದೆ. ಅವಳ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ — ಸ್ವರ ಅಷ್ಟು ಸರಿಯಾಗಿ ಬಂದಿತ್ತು. ಜನ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಹಿಂದೆ ತಿರುಗಿದರು. ಕೊನೆಯ ಸಾಲಿನಲ್ಲಿ ದೇವಕ್ಕ ಪಾಯಸದ ಲೋಟ ಹಿಡಿದು ಕೂತಿದ್ದಳು. ಲೋಟವನ್ನು ಮೆಲ್ಲಗೆ ಕುರ್ಚಿಯ ಕೆಳಗಿಟ್ಟು ಎದ್ದು ಹೋದಳು.

ಮುಂದಿನ ಭಾನುವಾರ ಚಾಪೆಯ ಮೇಲೆ ಎಲ್ಲರದ್ದೂ ಒಂದೇ ಉತ್ತರ. "ಚಲೋ ಅದೆ ತಮಾ. ಎಲ್ಲಾ ಚಲೋ ಅದೆ."

"ಒಂದೇ ವಾರದಲ್ಲಿ ಇವರಿಗೆ ಏನಾಯಿತು?" ಮೇಡಂ ನನ್ನನ್ನು ಕೇಳಿದರು.

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು — "ಮನಸ್ಸಿನದ್ದು ಹೇಳಿಕೊಂಡು ಹಗುರಾಗಿದ್ದಾರೆ ಮೇಡಂ. ಈಗ ನಿಜಕ್ಕೂ ಆರಾಮಿದ್ದಾರೆ."

ನಂಬಿದರು. ನಂಬದೆ ಏನು ಮಾಡಿಯಾರು, ಅವರಿಗೆ ಅಲ್ಲಿ ಕಿವಿ ಎಂದರೆ ನಾನೇ. ಇಲ್ಲಿ ಇನ್ನು ಕೆಲಸವಿಲ್ಲವೆಂದು ಚಾಪೆ ಸುತ್ತಿ ರಾಮನಗುಳಿಯ ಕಡೆ ಹೋದರು, ಆಮೇಲೆ ತಮ್ಮ ದೇಶಕ್ಕೆ. ಕೆಲವು ವರ್ಷದ ಮೇಲೆ, ಈಚೆಗೆ, ಅವರ ಸಂದೇಶ ಬಂತು: ತಮ್ಮ ವಿದ್ಯಾರ್ಥಿಗಳನ್ನೂ ಹೀಗೇ ಚಾಪೆಯ ಮೇಲೆ ಕೂರಿಸುತ್ತಿದ್ದಾರೆ, ಅಂಕೋಲೆಯ ಹೆಂಗಸರು ಮಾತಾಡಿ ಹಗುರಾದದ್ದನ್ನು ಅವರಿಗೆ ಹೇಳುತ್ತಾರೆ. ನನಗೆ ಧನ್ಯವಾದ ಬೇರೆ. ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ನನಗೆ ಹೇಳಿದೆ. ಅವಳಿಗೆ?" ಎಂದಷ್ಟೇ ಕೇಳಿದರು.

ಮೊನ್ನೆ ಸಂಜೆ ಹೋದೆ. ದೇವಕ್ಕ ತುಳಸಿಗೆ ದೀಪ ಇಟ್ಟಳು. ತುಟಿ ಅಲುಗಲಿಲ್ಲ.

"ತಪ್ಪಾಯ್ತು ದೇವಕ್ಕ" ಎಂದೆ, ಅಂಗಳದಲ್ಲೇ ನಿಂತು. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ.

ಅವಳು ಬತ್ತಿ ಸರಿಮಾಡುತ್ತ ಹೇಳಿದಳು: "ಆ ಮದ್ವೆ ದಿನ ಸಂಜೆ ಅವ್ರಿಗೆ ಒಂದೇ ಮಾತು ಹೇಳ್ದೆ ತಮಾ. ಬರೂದು ಬ್ಯಾಡ, ಇಲ್ಲಿ ಜನ ನಗಾಡ್ತ್ರು, ಅಲ್ಲೇ ಇರಿ ಅಂದೆ. ಪಾಪ, ಅರ್ಧ ದಾರಿ ಬಂದಾಗಿತ್ತೋ ಏನೋ."

ಅವರನ್ನು ಮತ್ತೆ ಕರೆ ದೇವಕ್ಕ ಎಂದು ನಾನು ಯಾವ ಬಾಯಿಂದ ಹೇಳಲಿ?