ಮನಿಯಾಕಿಗೆ ಕೆರಿ ತೋರಿಸಿದ್ದು

“ಏ, ತೆಪ್ಪಾ ದಂಡೀಗೆ ತರ್ರಿ!” ಎಂದು ಮೀನುಗಾರಿಕೆ ಇಲಾಖೆಯವರು ಕೆರೆಯ ಏರಿಯಿಂದ ಕೂಗಿದಾಗ ನನ್ನ ಯಜಮಾನರ ಮುಖ ಸಪ್ಪಗಾಯಿತು. ರಾಣೆಬೆನ್ನೂರಿನ ಹತ್ತಿರದ ಆ ಕೆರೆಯಲ್ಲಿ ನಾವಿಬ್ಬರೂ ತೆಪ್ಪದ ಮೇಲೆ ಗಾಳ ಹಾಕಿ ಕುಳಿತಿದ್ದೆವು. ಮೀನು ಮೊಟ್ಟೆ ಇಡುವ ಮಳೆಗಾಲದಲ್ಲಿ ಹಿಡಿಯಬಾರದು ಎಂಬುದು ಇವರಿಗೆ ಗೊತ್ತಿತ್ತು. ನನಗೆ ಮಾತ್ರ ಹೇಳಿರಲಿಲ್ಲ. ಅವಸರದಲ್ಲಿ ತಮ್ಮ ಗಾಳವನ್ನು ನನ್ನ ಸೀರೆಯ ನೆರಿಗೆಯ ಕೆಳಗೆ ತಳ್ಳಿದರು. ನನ್ನ ಬೆರಳಿಗೆ ಸುತ್ತಿದ್ದ ಗಾಳದ ದಾರವನ್ನು ಮರೆತೇಬಿಟ್ಟರು.

ದಂಡೆ ಹತ್ತಿರವಾಗುತ್ತಲೇ, “ಮೀನು ಹಿಡಿಯಾಕ ಬಂದಿಲ್ರಿ ಸಾಹೇಬ್ರ. ಮನಿಯಾಕಿಗೆ ಕೆರಿ ತೋರಿಸಾಕತ್ತೇನ್ರಿ” ಎಂದರು. ಅಧಿಕಾರಿ ನಂಬಿದಂತೆಯೇ ಕಂಡಿತು.

ಅಷ್ಟರಲ್ಲಿ ನನ್ನ ದಾರ ಜಗ್ಗಿತು. ಹುಟ್ಟಿದಾಗಿನಿಂದ ಒಂದು ಮೀನನ್ನೂ ಹಿಡಿಯದವಳು ನಾನು. “ರೀ, ಬಿತ್ತರೀ, ಬಿತ್ತು!” ಎಂದು ಕಿರುಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ತೆಪ್ಪ ಬುಗುರಿಯಂತೆ ತಿರುಗಿತು. ಗೇಣುದ್ದದ ಗೆಂಡೆ ಮೀನು ಹಾರಿ ಬಂದು ಇವರ ತೊಡೆಯ ಮೇಲೆ ಬಿದ್ದು ಒದ್ದಾಡತೊಡಗಿತು.

ಅಧಿಕಾರಿ ಬಗ್ಗಿ ಮೀನಿನ ಉಬ್ಬಿದ ಹೊಟ್ಟೆಯನ್ನು ನೋಡಿದರು. “ಕೆರಿ ಭಾಳ ಚಲೋ ತೋರಿಸೀರಿ ಬಿಡ್ರಿ” ಎಂದು ಇವರಿಗೆ ಹೇಳಿ, ನನ್ನ ಕಡೆ ತಿರುಗಿದರು. “ಅಕ್ಕಾರ, ಅದು ಬಸರಿ ಐತಿ. ಲಗೂನ ನೀರಿಗೆ ಬಿಡ್ರಿ.”

ಗಾಳಗಳೆರಡೂ ಇಲಾಖೆಯ ಜೀಪು ಸೇರಿದವು, ತಪ್ಪೊಪ್ಪಿಗೆಗೆ ಇವರ ಸಹಿಯೂ ಬಿತ್ತು. ಹಾವೇರಿಯ ನಮ್ಮ ಮನೆ ಮುಟ್ಟುವವರೆಗೂ ಇವರು ಮುಖ ಗಂಟಿಕ್ಕಿಕೊಂಡೇ ಬೈಕು ಓಡಿಸಿದರು. ನಾನೋ, ಆ ಬಸುರಿ ಮೀನು ನನ್ನ ಎರಡೂ ಅಂಗೈಗಳಿಂದ ಜಾರಿ ನೀರಿಗಿಳಿದದ್ದನ್ನು ನೆನೆಯುತ್ತ, ಬೈಕಿನ ಹಿಂದೆ ಕುಳಿತು ನಗುತ್ತಲೇ ಇದ್ದೆ.